ಎಳೆದತ್ತ ಸರಿಯುವ ವಿಂಡೋ

ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಳ್ಳುವ ಪ್ರತಿಯೊಂದು ತಂತ್ರಾಂಶಕ್ಕೂ ಆಯತಾಕಾರದ ಒಂದು ಜಾಗ ಸಿಗುತ್ತದೆ. ಅದೇ ವಿಂಡೋ. ಅದರ ನೆತ್ತಿಯ ಮೇಲಿರುವ ಟೈಟಲ್ ಬಾರ್ ಎಂಬ ಪಟ್ಟಿಯನ್ನು ಮೌಸ್‌ನ ಎಡ ಬಟನ್‌ನಿಂದ ಒತ್ತಿ ಹಿಡಿದು ಎಳೆದರೆ ವಿಂಡೋ ಜೊತೆಯಲ್ಲೇ ಬರುತ್ತದೆ, ಬಟನ್ ಬಿಟ್ಟಲ್ಲಿ ನಿಲ್ಲುತ್ತದೆ. ದಿನಕ್ಕೆ ನೂರು ಸಲ ಹೀಗೆ ಎಳೆಯುವವರಿಗೂ ಇದರ ಹಿಂದೆ ಒಂದು ಕೆಲಸವಿದೆ ಎನಿಸುವುದಿಲ್ಲ. ಆದರೆ ಟೈಟಲ್ ಬಾರ್ ಇಲ್ಲದ ವಿಂಡೋವೊಂದನ್ನು ಮಾಡಿ ನೋಡಿದ ಪ್ರೋಗ್ರಾಮರ್‌ಗೆ ಅದು ಕೂಡಲೇ ತಿಳಿಯುತ್ತದೆ. ಆ ವಿಂಡೋ ತೆರೆದುಕೊಂಡ ಜಾಗದಲ್ಲೇ ಕೂತಿರುತ್ತದೆ, ಎಷ್ಟು ಎಳೆದರೂ ಜಗ್ಗುವುದಿಲ್ಲ. ಸರಿಯುವ ಗುಣವನ್ನು ಯಾರಾದರೂ ಅದಕ್ಕೆ ಬರೆದುಕೊಡಬೇಕು.

ಈ ಗುಣದ ಬೆಲೆ ತಿಳಿಯುವುದು ಪರದೆ ಚಿಕ್ಕದಿದ್ದು ಕೆಲಸ ಹೆಚ್ಚಿರುವ ಕಡೆ. ಕೊಳ್ಳೇಗಾಲದ ಡಿಟಿಪಿ ಅಂಗಡಿ, ಹನೂರಿನ ಗ್ರಾಮ ಒನ್ ಕೇಂದ್ರ, ಯಳಂದೂರಿನ ಜೆರಾಕ್ಸ್ ಅಂಗಡಿ ಇಂಥ ಜಾಗಗಳು. ಒಂದೇ ಪರದೆಯ ಮೇಲೆ ಬ್ರೌಸರ್‌ನಲ್ಲಿ ತೆರೆದ ಅರ್ಜಿ, ಸ್ಕ್ಯಾನ್ ಮಾಡಿದ ಆಧಾರ್ ಪ್ರತಿ, ಭೂಮಿ ತಂತ್ರಾಂಶದಿಂದ ಇಳಿಸಿಕೊಂಡ ಪಹಣಿ, ಫೋಟೊ ಚಿಕ್ಕದು ಮಾಡುವ ಇನ್ನೊಂದು ವಿಂಡೋ ಎಲ್ಲವೂ ಸೇರಿಕೊಳ್ಳುತ್ತವೆ. ಹಳೆಯ ಸಾಧಾರಣ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಪಿಕ್ಸೆಲ್ ಅಷ್ಟೇ ಇರುತ್ತವೆ. ಆಧಾರ್‌ನಲ್ಲಿ ಹೆಸರು ಹೇಗಿದೆ ಎಂದು ನೋಡುತ್ತಲೇ ಅರ್ಜಿಯಲ್ಲಿ ತುಂಬಬೇಕು, ಸರ್ವೆ ನಂಬರನ್ನು ಪಹಣಿಯಿಂದ ನೋಡಿ ಬರೆಯಬೇಕು. ಎದುರಿಗೆ ಜನ ಕಾದು ನಿಂತಿರುತ್ತಾರೆ. ಒಂದು ವಿಂಡೋ ಇನ್ನೊಂದನ್ನು ಮುಚ್ಚಿದಾಗ ಅದನ್ನು ಪಕ್ಕಕ್ಕೆ ಸರಿಸುವುದೊಂದೇ ದಾರಿ.

ಕನ್ನಡದಲ್ಲಿ ತುಂಬಬೇಕಾದ ಅರ್ಜಿಗಳಲ್ಲಿ ಇನ್ನೊಂದು ವಿಂಡೋ ಬಂದು ಸೇರುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ ಇವುಗಳಲ್ಲಿ ಕೈ ಪಳಗಿದವರಿಗೆ ಕೀಲಿಗಳ ಜಾಗ ಬಾಯಿಪಾಠವಾಗಿರುತ್ತದೆ. ಹೊಸಬರಿಗೆ ಹಾಗಲ್ಲ. ಅಂಗಡಿಯಲ್ಲಿ ಸಿಗುವ ಕೀಬೋರ್ಡ್‌ಗಳ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಮಾತ್ರ ಅಚ್ಚಾಗಿರುತ್ತವೆ. ಅಂಥವರಿಗೆ ವಿಂಡೋಸ್‌ನಲ್ಲೇ ಇರುವ ಆನ್‌-ಸ್ಕ್ರೀನ್ ಕೀಬೋರ್ಡ್ ಆಸರೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅದರ ಕೀಲಿಗಳ ಮೇಲೆ ಕನ್ನಡ ಅಕ್ಷರಗಳು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕಾಣಿಸುತ್ತವೆ, ಮೌಸ್‌ನಿಂದ ಒಂದೊಂದನ್ನೇ ಒತ್ತಬಹುದು. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಹೆಸರನ್ನು ಹೀಗೆ ಬರೆಯಲು ಹನ್ನೊಂದು ಕೀಲಿ ಬೇಕು: ಲ, ಒ-ಕಾರದ ಚಿಹ್ನೆ, ಕ, ಹಲಂತ, ಮತ್ತೆ ಕ, ನ, ಹ, ಳ, ಹಲಂತ, ಮತ್ತೆ ಳ, ಕೊನೆಗೆ ಗುಡಿಸು. ಹನ್ನೊಂದು ಕೀಲಿ ಒತ್ತುವಷ್ಟು ಹೊತ್ತೂ ಕೀಬೋರ್ಡಿನ ವಿಂಡೋ ಪರದೆಯ ಮೇಲೆಯೇ ಇರಬೇಕು, ಅರ್ಜಿಯ ಖಾನೆಯೂ ಕಾಣುತ್ತಿರಬೇಕು. ಅರ್ಜಿಯ ಮೇಲ್ಭಾಗ ತುಂಬುವಾಗ ಕೀಬೋರ್ಡ್ ಕೆಳಗಿದ್ದರೆ ಸರಿ, ಕೆಳಭಾಗಕ್ಕೆ ಬಂದಾಗ ಅದನ್ನು ಮೇಲಕ್ಕೆ ಎಳೆಯಬೇಕು. ಎಳೆಯಲು ಬಾರದ ಕೀಬೋರ್ಡ್ ಅರ್ಧ ಅರ್ಜಿಯಲ್ಲೇ ಕೈಕೊಡುತ್ತದೆ. ಇಂಥ ಚಿಕ್ಕದೊಂದು ಕನ್ನಡ ಕೀಲಿ ಪಟ್ಟಿಯನ್ನು ಹೊಸದಾಗಿ ಬರೆಯುವ ಪ್ರೋಗ್ರಾಮರ್ ಏನೇನು ಮಾಡಬೇಕಾಗುತ್ತದೆ ಎಂದು ನೋಡುತ್ತಾ ಹೋದರೆ ವಿಂಡೋ ಎಳೆಯುವ ವಿದ್ಯೆಯೆಲ್ಲ ತೆರೆದುಕೊಳ್ಳುತ್ತದೆ.

ಅದಕ್ಕೆ ಮೊದಲು ಸ್ವಲ್ಪ ಇತಿಹಾಸ. ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಭಿಕರೆದುರು ಮೌಸ್ ಹಿಡಿದು ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. ಒಂದರ ಮೇಲೊಂದು ಕೂರುವ ವಿಂಡೋಗಳು ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಆಲ್ಟೊ ಕಂಪ್ಯೂಟರಿನ ಮೇಲೆ ಅಲನ್ ಕೇ ಅವರ ತಂಡ ಬೆಳೆಸಿದ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ ವಿಂಡೋಗಳು ಮೇಜಿನ ಮೇಲೆ ಹರಡಿದ ಕಾಗದಗಳಂತೆ ಒಂದನ್ನೊಂದು ಮುಚ್ಚಿಕೊಳ್ಳುತ್ತಿದ್ದವು. ಜೆರಾಕ್ಸ್ ಎಂದರೆ ನಕಲು ಪ್ರತಿ ಎಂದೇ ಬಳಕೆಯಾಗಿರುವ ನಮ್ಮ ಊರುಗಳಲ್ಲಿ, ಆ ಅಂಗಡಿಯ ಕಂಪ್ಯೂಟರ್ ಪರದೆಯ ರೂಪವೂ ಅದೇ ಕಂಪನಿಯ ಮನೆಯಿಂದ ಬಂದದ್ದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1984ರ ಜನವರಿಯಲ್ಲಿ ಬಂದ ಆಪಲ್ ಮ್ಯಾಕಿಂತಾಷ್ ಈ ಪದ್ಧತಿಯನ್ನು ಸಾಮಾನ್ಯರ ಮೇಜಿಗೆ ತಂದಿತು. ಮೈಕ್ರೋಸಾಫ್ಟ್ 1985ರ ನವೆಂಬರಿನಲ್ಲಿ ಹೊರತಂದ ವಿಂಡೋಸ್ 1.0ರಲ್ಲಿ ಮಾತ್ರ ತಂತ್ರಾಂಶಗಳ ವಿಂಡೋಗಳು ಒಂದರ ಮೇಲೊಂದು ಬರುತ್ತಿರಲಿಲ್ಲ. ನೆಲಕ್ಕೆ ಹಾಸಿದ ಹೆಂಚಿನ ಹಾಗೆ ಅಕ್ಕಪಕ್ಕ ಕೂರುತ್ತಿದ್ದವು. ಬೇಕಾದಲ್ಲಿಗೆ ಎಳೆದು ಒಂದರ ಮೇಲೊಂದು ಇರಿಸುವ ಸ್ವಾತಂತ್ರ್ಯ ಬಂದದ್ದು 1987ರ ವಿಂಡೋಸ್ 2.0ರಲ್ಲಿ.

ಆಗಿನ ಯಂತ್ರಗಳ ಶಕ್ತಿ ಕಡಿಮೆ. ವಿಂಡೋ ಎಳೆಯುವಾಗ ಅದರೊಳಗಿನ ಅಕ್ಷರ, ಚಿತ್ರ ಎಲ್ಲವನ್ನೂ ಹೊಸ ಜಾಗದಲ್ಲಿ ಮತ್ತೆ ಮತ್ತೆ ಬಿಡಿಸುವುದು ಅವುಗಳಿಗೆ ಆಗದ ಮಾತು. ಹಾಗಾಗಿ ಚೌಕಟ್ಟಿನ ಗೆರೆ ಮಾತ್ರ ಮೌಸ್ ಜೊತೆ ಓಡಾಡುತ್ತಿತ್ತು, ಬಟನ್ ಬಿಟ್ಟ ಮೇಲೆ ವಿಂಡೋ ಅಲ್ಲಿಗೆ ಹಾರಿ ಕೂರುತ್ತಿತ್ತು. ಒಂದು ವಿಂಡೋ ಸರಿದಾಗ ಅದರಡಿ ಇದ್ದ ತಂತ್ರಾಂಶಗಳಿಗೂ, ತೆರವಾದ ನಿಮ್ಮ ಭಾಗವನ್ನು ಮತ್ತೆ ಬಿಡಿಸಿಕೊಳ್ಳಿ ಎಂಬ ಸೂಚನೆ ಹೋಗುತ್ತಿತ್ತು. ಯಾವುದಾದರೂ ತಂತ್ರಾಂಶ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದರೆ ಅದರ ಮೇಲೆ ಎಳೆದ ವಿಂಡೋದ ನೆರಳುಗಳು ಸಾಲಾಗಿ ಉಳಿದುಬಿಡುತ್ತಿದ್ದವು. ಹಳೆಯ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ ಕಟ್ಟಿದವರೆಲ್ಲ ಅದನ್ನು ಕಂಡವರೇ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈ ತೊಂದರೆ ಕಡಿಮೆಯಾಯಿತು. ಪ್ರತಿ ವಿಂಡೋದ ಚಿತ್ರವನ್ನೂ ಬೇರೆ ಬೇರೆಯಾಗಿ ನೆನಪಿನಲ್ಲಿಟ್ಟು, ಗ್ರಾಫಿಕ್ಸ್ ಚಿಪ್ಪಿನ ನೆರವಿನಿಂದ ಒಂದರ ಮೇಲೊಂದು ಜೋಡಿಸಿ ತೋರಿಸುವ ಪದ್ಧತಿ ಬಂತು. ಈಗ ವಿಂಡೋ ಸರಿದರೆ ತಂತ್ರಾಂಶಗಳು ಏನನ್ನೂ ಮತ್ತೆ ಬಿಡಿಸಬೇಕಿಲ್ಲ. ಗೆರೆ ಮಾತ್ರ ಓಡಾಡುವ ಹಳೆಯ ಆಯ್ಕೆ ವಿಂಡೋಸ್‌ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ ಇಂದಿಗೂ ಉಳಿದಿದೆ. ನಿಧಾನವಾದ ಯಂತ್ರದಲ್ಲಿ ಅದು ಉಪಯೋಗಕ್ಕೂ ಬರುತ್ತದೆ.

ಟೈಟಲ್ ಬಾರ್ ಇರುವ ವಿಂಡೋವನ್ನು ಎಳೆಯುವ ಕೆಲಸ ಪೂರ್ತಿ ಆಪರೇಟಿಂಗ್ ಸಿಸ್ಟಂನದು, ತಂತ್ರಾಂಶ ಬರೆದವರು ಅದಕ್ಕಾಗಿ ಒಂದು ಸಾಲನ್ನೂ ಬರೆದಿರುವುದಿಲ್ಲ. ಆದರೆ ಕೀಲಿ ಪಟ್ಟಿ, ಗಡಿಯಾರ, ಹಾಡು ನುಡಿಸುವ ತಂತ್ರಾಂಶ, ಪರದೆಯ ಮೇಲೆ ಅಂಟಿಸುವ ಚೀಟಿ ಇಂಥವುಗಳಿಗೆ ಟೈಟಲ್ ಬಾರ್ ಭಾರ. ಇರುವ ಚಿಕ್ಕ ಜಾಗದಲ್ಲಿ ಮೂವತ್ತು ಪಿಕ್ಸೆಲ್ ಎತ್ತರದ ಪಟ್ಟಿಯನ್ನು ಬರಿದೇ ಬಿಡುವುದು ಯಾರಿಗೂ ಒಪ್ಪದು. ಚೌಕಟ್ಟನ್ನು ತೆಗೆದುಬಿಡುವುದು ಸುಲಭ, ಹೆಚ್ಚಿನ ಭಾಷೆಗಳಲ್ಲಿ ಒಂದೇ ಸಾಲಿನ ಸೂಚನೆ ಸಾಕು. ಚೌಕಟ್ಟಿನ ಜೊತೆಗೆ ಎಳೆಯುವ ಹಿಡಿಯೂ ಹೋಗುತ್ತದೆ. ಹಾಗೆ ಹೋದದ್ದನ್ನು ಮರಳಿ ಕೊಡುವ ಹೊಣೆ ತೆಗೆದವರದೇ.

ಕೊಡಲು ಎರಡು ದಾರಿಗಳಿವೆ. ಲೆಕ್ಕವನ್ನೆಲ್ಲ ತಂತ್ರಾಂಶವೇ ಮಾಡುವುದು ಒಂದು, ಕೆಲಸವನ್ನು ಆಪರೇಟಿಂಗ್ ಸಿಸ್ಟಂಗೆ ವಹಿಸಿಕೊಡುವುದು ಇನ್ನೊಂದು. ಮೊದಲನೆಯದು ಕಲಿಯಲು ಒಳ್ಳೆಯದು, ಎರಡನೆಯದು ಬಳಸಲು ಒಳ್ಳೆಯದು.

ಮೊದಲ ದಾರಿಯ ಲೆಕ್ಕ ಹೀಗಿದೆ. ಪರದೆಯ ಎಡ ಮೇಲ್ಮೂಲೆ ಸೊನ್ನೆ-ಸೊನ್ನೆ. ಅಲ್ಲಿಂದ ಬಲಕ್ಕೆ ಅಡ್ಡ ಅಳತೆ, ಕೆಳಕ್ಕೆ ಉದ್ದ ಅಳತೆ ಹೆಚ್ಚುತ್ತಾ ಹೋಗುತ್ತದೆ. ಕೀಲಿ ಪಟ್ಟಿಯ ಎಡ ಮೇಲ್ಮೂಲೆ ಪರದೆಯ 300, 200ನೆಯ ಬಿಂದುವಿನಲ್ಲಿದೆ ಎಂದುಕೊಳ್ಳೋಣ. ಬಳಕೆದಾರರು ಅದರ ಅಂಚನ್ನು 340, 215ರಲ್ಲಿ ಒತ್ತಿ ಹಿಡಿದರು. ಒತ್ತಿದ ಆ ಕ್ಷಣದಲ್ಲಿ ತಂತ್ರಾಂಶ ಎರಡರ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು: ಅಡ್ಡಕ್ಕೆ 40, ಉದ್ದಕ್ಕೆ 15. ಬಟನ್ ಬಿಡುವವರೆಗೂ ಈ ಎರಡು ಸಂಖ್ಯೆಗಳು ಬದಲಾಗುವಂತಿಲ್ಲ. ಮೌಸ್ 700, 415ಕ್ಕೆ ಹೋದರೆ ಅದರಿಂದ 40 ಮತ್ತು 15 ಕಳೆದು ವಿಂಡೋವನ್ನು 660, 400ರಲ್ಲಿ ಇಡಬೇಕು. ಮೌಸ್ ಅಲುಗಿದಾಗಲೆಲ್ಲ ಇದೇ ಕಳೆಯುವ ಲೆಕ್ಕ. ಹಿಡಿದ ಬಿಂದು ಬೆರಳಿನಡಿಯೇ ಉಳಿಯುತ್ತದೆ. ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೌಸ್ ಇದ್ದಲ್ಲಿಗೇ ವಿಂಡೋವನ್ನು ಕಳಿಸಿದರೆ, ಎಳೆಯಲು ಶುರುಮಾಡಿದ ಕೂಡಲೇ ವಿಂಡೋ ಹಾರಿ ತನ್ನ ಎಡ ಮೇಲ್ಮೂಲೆಯನ್ನು ಮೌಸ್ ತುದಿಗೆ ತಂದುಕೊಳ್ಳುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಮೌಸ್‌ನ ಸ್ಥಾನವನ್ನು ಎರಡು ಬಗೆಯಲ್ಲಿ ಅಳೆಯಬಹುದು: ಪರದೆಯ ಮೂಲೆಯಿಂದ ಅಥವಾ ವಿಂಡೋದ ಮೂಲೆಯಿಂದ. ತಂತ್ರಾಂಶಕ್ಕೆ ಮೌಸ್ ಅಲುಗಿದ ಸುದ್ದಿ ಬರುವಾಗ ಸಾಮಾನ್ಯವಾಗಿ ಎರಡನೆಯ ಬಗೆಯ ಅಳತೆಯೇ ಜೊತೆಗೆ ಬರುತ್ತದೆ. ಪ್ರೋಗ್ರಾಮರ್ ಅದನ್ನು ಪರದೆಯ ಅಳತೆ ಎಂದು ತಿಳಿದು ಲೆಕ್ಕಕ್ಕೆ ಹಾಕಿದರೆ, ವಿಂಡೋ ಸರಿದ ಕೂಡಲೇ ಅಳತೆಯ ಮೂಲವೂ ಸರಿದಿರುತ್ತದೆ. ಹಿಂದಿನ ಸುದ್ದಿಯಲ್ಲಿ 50 ಇದ್ದದ್ದು ಮುಂದಿನದರಲ್ಲಿ 40 ಆಗುತ್ತದೆ, ಮೌಸ್ ಅಲುಗದಿದ್ದರೂ. ತಂತ್ರಾಂಶ ಅದನ್ನು ಹಿಂದಕ್ಕೆ ಎಳೆದರೆಂದು ತಿಳಿದು ವಿಂಡೋವನ್ನು ಹಿಂದಕ್ಕೆ ಒಯ್ಯುತ್ತದೆ. ಮರುಕ್ಷಣ ಅಳತೆ ಮತ್ತೆ 50. ವಿಂಡೋ ಮುಂದಕ್ಕೂ ಹಿಂದಕ್ಕೂ ಗಡಗಡ ನಡುಗುತ್ತದೆ. ಯಂತ್ರ ನಿಧಾನವಿದೆ ಎಂದು ಇದಕ್ಕೆ ಕಾರಣ ಹೇಳುವುದುಂಟು. ಎಷ್ಟೇ ವೇಗದ ಯಂತ್ರ ತಂದರೂ ಈ ನಡುಕ ಹೋಗದು. ಪರದೆಯ ಅಳತೆಯನ್ನೇ ಕೇಳಿ ಪಡೆದುಕೊಂಡರೆ ಒಂದೇ ಏಟಿಗೆ ನಿಲ್ಲುತ್ತದೆ. ಜಾವಾ ಸ್ವಿಂಗ್‌ನಲ್ಲಿ ಇದಕ್ಕೆಂದೇ ಬೇರೆ ಹೆಸರಿನ ಕರೆಗಳಿವೆ, ವಿಂಡೋಸ್‌ನಲ್ಲಿ ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವ ಫಂಕ್ಷನ್ ಇದೆ.

ಎರಡನೆಯ ತೊಡಕು ವೇಗದ್ದು. ಮೌಸ್ ಅಲುಗಿದ ಸುದ್ದಿ ಹೋಗುವುದು ಆ ಹೊತ್ತಿಗೆ ಅದರಡಿ ಯಾವ ವಿಂಡೋ ಇದೆಯೋ ಅದಕ್ಕೆ. ಕೈ ಜೋರಾಗಿ ಎಳೆದರೆ ಮೌಸ್ ತುದಿ ವಿಂಡೋಗಿಂತ ಮುಂದೆ ಹೋಗಿ ಹೊರಗೆ ಬೀಳುತ್ತದೆ. ಸುದ್ದಿ ಪಕ್ಕದ ಬ್ರೌಸರ್‌ಗೆ ಹೋಗುತ್ತದೆ, ಕೀಲಿ ಪಟ್ಟಿ ನಡುದಾರಿಯಲ್ಲೇ ನಿಂತುಬಿಡುತ್ತದೆ. ಅದಕ್ಕಾಗಿ ಬಟನ್ ಒತ್ತಿದ ಕೂಡಲೇ, ಬಿಡುವವರೆಗೆ ಮೌಸ್‌ನ ಎಲ್ಲ ಸುದ್ದಿಯನ್ನೂ ನನಗೇ ಕೊಡು ಎಂದು ಸಿಸ್ಟಂ ಬಳಿ ಕೇಳಿಕೊಳ್ಳಬೇಕು. ಪ್ರೋಗ್ರಾಮರ್‌ಗಳು ಇದನ್ನು ಮೌಸ್ ಕ್ಯಾಪ್ಚರ್ ಎನ್ನುತ್ತಾರೆ. ಪಡೆದದ್ದನ್ನು ಮರಳಿ ಬಿಡುವುದೂ ಅಷ್ಟೇ ಮುಖ್ಯ. ಎಳೆಯುತ್ತಿರುವಾಗಲೇ ಬೇರೊಂದು ಎಚ್ಚರಿಕೆಯ ವಿಂಡೋ ಎದ್ದು ಬಂದರೆ ಅಥವಾ ಆಲ್ಟ್-ಟ್ಯಾಬ್ ಒತ್ತಿದರೆ ಕ್ಯಾಪ್ಚರ್ ಕೈತಪ್ಪಬಹುದು, ಬಟನ್ ಬಿಟ್ಟ ಸುದ್ದಿ ತಂತ್ರಾಂಶಕ್ಕೆ ತಲುಪುವುದೇ ಇಲ್ಲ. ಆಗ ಅದು ಇನ್ನೂ ಎಳೆಯುತ್ತಿದ್ದಾರೆ ಎಂದೇ ನಂಬಿ, ಬಟನ್ ಒತ್ತದಿದ್ದರೂ ಮೌಸ್ ಹಿಂದೆ ಅಂಟಿಕೊಂಡು ತಿರುಗುತ್ತದೆ. ಕ್ಯಾಪ್ಚರ್ ತಪ್ಪಿತು ಎಂದು ಸಿಸ್ಟಂ ಕಳಿಸುವ ಸೂಚನೆಗೂ ಕಿವಿಗೊಟ್ಟರೆ ಈ ತಾಪತ್ರಯ ಇರುವುದಿಲ್ಲ.

ಎರಡು ಪರದೆ ಜೋಡಿಸಿದ ಕಡೆ ಮೂರನೆಯದೊಂದು ಎದುರಾಗುತ್ತದೆ. ಮುಖ್ಯ ಪರದೆಯ ಎಡಗಡೆ ಇನ್ನೊಂದು ಪರದೆ ಇದ್ದರೆ ಅಲ್ಲಿನ ಅಡ್ಡ ಅಳತೆ ಸೊನ್ನೆಗಿಂತ ಕಡಿಮೆ, ಅಂದರೆ ಋಣಸಂಖ್ಯೆ. ವಿಂಡೋಸ್ ಈ ಅಳತೆಯನ್ನು ಹದಿನಾರು ಬಿಟ್‌ಗಳಲ್ಲಿ ಕಟ್ಟಿ ಕಳಿಸುತ್ತದೆ. ಬಿಚ್ಚುವಾಗ ಚಿಹ್ನೆಯನ್ನು ಗಮನಿಸದಿದ್ದರೆ ಮೈನಸ್ 100 ಎಂಬುದು 65,436 ಆಗಿ ಓದಿಸಿಕೊಳ್ಳುತ್ತದೆ. ವಿಂಡೋ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಕೂರುತ್ತದೆ. ಒಂದೇ ಪರದೆಯಲ್ಲಿ ಪರೀಕ್ಷಿಸಿದ ಪ್ರೋಗ್ರಾಮರ್‌ಗೆ ಇದು ಎಂದೂ ಕಾಣಿಸದು.

ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಪರದೆಯನ್ನು 125 ಪ್ರತಿಶತಕ್ಕೆ ಹಿಗ್ಗಿಸಿಕೊಂಡ ಯಂತ್ರಗಳಲ್ಲಿ ಇನ್ನೊಂದು ಬಗೆ. ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್‌ನಂಥ ತಂತ್ರಾಂಶ ಕಟ್ಟುವ ಸಲಕರಣೆಗಳು ಅಂಗುಲದ 96ನೆಯ ಒಂದು ಭಾಗವನ್ನು ತಮ್ಮ ಅಳತೆಯ ಘಟಕವಾಗಿ ಇಟ್ಟುಕೊಂಡಿವೆ. ಅಂಥ ಪರದೆಯಲ್ಲಿ ಮೌಸ್ 100 ಪಿಕ್ಸೆಲ್ ಸರಿದರೆ ಆ ಘಟಕದಲ್ಲಿ ಅದು 80 ಮಾತ್ರ. ಪಿಕ್ಸೆಲ್‌ನ 100ನ್ನೇ ಘಟಕವೆಂದು ಕೊಟ್ಟರೆ ವಿಂಡೋ 125 ಪಿಕ್ಸೆಲ್ ಓಡಿ ಮೌಸ್ ಅನ್ನು ಹಿಂದೆ ಹಾಕುತ್ತದೆ. ವಯಸ್ಸಾದವರು, ಕಣ್ಣು ಮಂಜಾದವರು ಹಿಗ್ಗಿಸಿಕೊಂಡ ಪರದೆಯಲ್ಲೇ ಕೆಲಸ ಮಾಡುವುದರಿಂದ ಈ ತಪ್ಪಿನ ಹೊರೆ ಬೀಳುವುದು ಅವರ ಮೇಲೆಯೇ. ಬರೆದವರ ಯಂತ್ರದಲ್ಲಿ 100 ಪ್ರತಿಶತ ಇದ್ದು ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ.

ಇಷ್ಟೆಲ್ಲ ತೊಡಕುಗಳನ್ನು ಟೈಟಲ್ ಬಾರ್ ಎಳೆಯುವ ಸಿಸ್ಟಂನ ಭಾಗ ಎಂದೋ ಬಿಡಿಸಿಕೊಂಡಿದೆ. ಆದ್ದರಿಂದ ಎರಡನೆಯ ದಾರಿಯೇ ಮೇಲು. ವಿಂಡೋಸ್‌ನಲ್ಲಿ ಅದರ ಗುಟ್ಟು ಒಂದು ಪ್ರಶ್ನೆಯಲ್ಲಿದೆ. ವಿಂಡೋ ಮೇಲೆ ಮೌಸ್ ಓಡಾಡುವಾಗ ಸಿಸ್ಟಂ ಆ ವಿಂಡೋವನ್ನು, ಈ ಬಿಂದು ನಿನ್ನ ಯಾವ ಭಾಗ ಎಂದು ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಈ ಸಂದೇಶಕ್ಕೆ ಡಬ್ಲ್ಯುಎಂ ಎನ್‌ಸಿ ಹಿಟ್‌ಟೆಸ್ಟ್ ಎಂದು ಹೆಸರು. ಒಳಭಾಗ ಎಂದಾದರೆ ಉತ್ತರ 1, ಟೈಟಲ್ ಬಾರ್ ಎಂದಾದರೆ 2. ಅಂಚುಗಳಿಗೆ, ಮೂಲೆಗಳಿಗೆ, ಮುಚ್ಚುವ ಗುಂಡಿಗೆ ಬೇರೆ ಬೇರೆ ಸಂಖ್ಯೆಗಳಿವೆ. ಹೆಚ್ಚಿನ ತಂತ್ರಾಂಶಗಳು ಈ ಉತ್ತರವನ್ನೂ ಸಿಸ್ಟಂಗೇ ಬಿಟ್ಟಿರುತ್ತವೆ. ನಮ್ಮ ಕೀಲಿ ಪಟ್ಟಿ ನಡುವೆ ಬಾಯಿ ಹಾಕಿ, ತನ್ನ ಬರಿಯ ಜಾಗಕ್ಕೆ 1ರ ಬದಲು 2 ಎಂದು ಉತ್ತರಿಸಿದರೆ ಸಾಕು. ಸಿಸ್ಟಂ ಅದನ್ನು ಟೈಟಲ್ ಬಾರ್ ಎಂದೇ ನಂಬಿ ಎಳೆಯುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ವ್ಯತ್ಯಾಸದ ಲೆಕ್ಕ, ಕ್ಯಾಪ್ಚರ್, ಎರಡು ಪರದೆ ಯಾವುದನ್ನೂ ಬರೆಯಬೇಕಿಲ್ಲ. ಎಳೆಯುತ್ತಿರುವಾಗ ಎಸ್ಕೇಪ್ ಒತ್ತಿದರೆ ವಿಂಡೋ ಮೊದಲಿದ್ದ ಜಾಗಕ್ಕೇ ಹಿಂತಿರುಗುವ ಸೌಕರ್ಯವೂ ಪುಕ್ಕಟೆ. ಗಾತ್ರ ಬದಲಿಸಬಹುದಾದ ವಿಂಡೋಗಳಿಗೆ, ಪರದೆಯ ಅಂಚಿಗೆ ತಾಗಿಸಿದರೆ ಅರ್ಧ ಪರದೆ ತುಂಬಿಕೊಳ್ಳುವ, 2009ರ ವಿಂಡೋಸ್ 7ರಿಂದ ಬಂದ ಗುಣವೂ ಹೀಗೆಯೇ ಒದಗುತ್ತದೆ.

ಈ ಉಪಾಯಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಟೈಟಲ್ ಬಾರ್ ಎಂದು ಹೇಳಿಕೊಂಡ ಮೇಲೆ ಅದರ ಎಲ್ಲ ಗುಣಗಳೂ ಬರುತ್ತವೆ. ಅಲ್ಲಿ ಮಾಡಿದ ಕ್ಲಿಕ್ ಮಾಮೂಲಿ ಕ್ಲಿಕ್ ಆಗಿ ತಂತ್ರಾಂಶಕ್ಕೆ ತಲುಪುವುದಿಲ್ಲ, ದೊಡ್ಡದಾಗಲು ಅನುಮತಿ ಇರುವ ವಿಂಡೋ ಡಬಲ್ ಕ್ಲಿಕ್ ಮಾಡಿದರೆ ಪರದೆ ತುಂಬ ಹರಡಿಕೊಳ್ಳುತ್ತದೆ. ಇನ್ನೊಂದು ಸಾಮಾನ್ಯ ದೂರು, ಬರಿಯ ಜಾಗ ಹಿಡಿದರೆ ವಿಂಡೋ ಬರುತ್ತದೆ, ಅದರ ಮೇಲಿನ ಹೆಸರಿನ ಚೀಟಿ ಹಿಡಿದರೆ ಬರುವುದಿಲ್ಲ ಎಂಬುದು. ಚೀಟಿ, ಚಿತ್ರ, ಗುಂಡಿ ಒಂದೊಂದೂ ವಿಂಡೋಸ್‌ನ ಲೆಕ್ಕದಲ್ಲಿ ಪ್ರತ್ಯೇಕ ಮರಿ ವಿಂಡೋ ಆಗಿರಬಹುದು. ಪ್ರಶ್ನೆ ಹೋಗುವುದು ಮೇಲಿರುವ ಮರಿಗೆ, ಅದು ತನ್ನ ಪಾಡಿಗೆ ಒಳಭಾಗ ಎಂದು ಉತ್ತರಿಸುತ್ತದೆ. ನನ್ನನ್ನು ದಾಟಿ ಕೆಳಗಿನವರನ್ನು ಕೇಳು ಎಂಬ ಅರ್ಥದ ಮೈನಸ್ 1 ಎಂಬ ಉತ್ತರವನ್ನು ಆ ಮರಿಯಿಂದ ಕೊಡಿಸಿದರೆ ಪ್ರಶ್ನೆ ತಾಯಿ ವಿಂಡೋಗೆ ತಲುಪುತ್ತದೆ.

ಇದರದೇ ಇನ್ನೊಂದು ರೂಪದಲ್ಲಿ ತಂತ್ರಾಂಶ ಮೊದಲು ಕ್ಲಿಕ್ಕನ್ನು ತಾನೇ ಪಡೆಯುತ್ತದೆ. ಇದು ಎಳೆಯುವ ಜಾಗವೇ ಹೌದು ಎಂದು ಖಚಿತವಾದ ಮೇಲೆ ತನ್ನ ಹಿಡಿತವನ್ನು ಬಿಟ್ಟು, ಟೈಟಲ್ ಬಾರ್ ಮೇಲೆ ಬಟನ್ ಒತ್ತಲಾಗಿದೆ ಎಂಬ ಸಂದೇಶವನ್ನು ತನಗೆ ತಾನೇ ಕಳಿಸಿಕೊಳ್ಳುತ್ತದೆ. ಚೌಕಟ್ಟಿಲ್ಲದ ವಿಂಡೋಸ್ ಫಾರ್ಮ್ಸ್ ತಂತ್ರಾಂಶಗಳಲ್ಲಿ ಎರಡೇ ಸಾಲಿನ ಈ ಉಪಾಯ ಬಹಳ ಬಳಕೆಯಲ್ಲಿದೆ. ಡಬ್ಲ್ಯುಪಿಎಫ್‌ನಲ್ಲಿ ಇದನ್ನೇ ಡ್ರ್ಯಾಗ್‌ಮೂವ್ ಎಂಬ ಒಂದು ಕರೆಯಾಗಿ ಕೊಟ್ಟಿದ್ದಾರೆ. ಎಡ ಬಟನ್ ಒತ್ತಿರುವಾಗ ಮಾತ್ರ ಅದನ್ನು ಕರೆಯಬೇಕು, ಇಲ್ಲದಿದ್ದರೆ ದೋಷ ಎತ್ತಿ ನಿಲ್ಲುತ್ತದೆ. ಮ್ಯಾಕ್‌ನಲ್ಲಿ ವಿಂಡೋದ ಹಿನ್ನೆಲೆ ಹಿಡಿದು ಎಳೆಯಬಹುದು ಎಂಬ ಗುಣವೊಂದನ್ನು ಹೌದು ಎಂದರೆ ಕೆಲಸ ಮುಗಿಯಿತು. ವೆಬ್ ಪುಟದ ಭಾಷೆಯಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಎಲೆಕ್ಟ್ರಾನ್‌ನಲ್ಲಿ ಶೈಲಿಯ ಒಂದು ಸಾಲು ಬರೆದು ಯಾವ ಭಾಗ ಎಳೆಯುವ ಜಾಗ ಎಂದು ಗುರುತು ಹಾಕುತ್ತಾರೆ. ಗುರುತು ಹಾಕಿದ ಭಾಗದಲ್ಲಿ ಗುಂಡಿಗಳು ಸತ್ತಂತಾಗುವುದರಿಂದ, ಅವುಗಳ ಮೇಲೆ ಇದು ಎಳೆಯುವ ಜಾಗವಲ್ಲ ಎಂಬ ಮರುಗುರುತು ಕಡ್ಡಾಯ.

ಲಿನಕ್ಸ್‌ನಲ್ಲಿ ವಿಷಯ ಇನ್ನೂ ಬಿಗಿಯಾಗಿದೆ. ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ತಂತ್ರಾಂಶ ತನ್ನ ಸ್ಥಾನವನ್ನು ತಾನೇ ಲೆಕ್ಕಹಾಕಿ ಬದಲಿಸಬಹುದಿತ್ತು. 2008ರಲ್ಲಿ ಆರಂಭವಾಗಿ ಈಗ ಉಬುಂಟು, ಫೆಡೋರಾಗಳಲ್ಲಿ ನೆಲೆಗೊಂಡಿರುವ ವೇಲ್ಯಾಂಡ್‌ನಲ್ಲಿ ಮಾಮೂಲಿ ವಿಂಡೋಗೆ ತಾನು ಪರದೆಯ ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಬೇರೆ ಜಾಗಕ್ಕೆ ಹೋಗಿ ಕೂರುವ ಅಧಿಕಾರವೂ ಇಲ್ಲ. ತಂತ್ರಾಂಶವೊಂದು ಪರದೆಯ ಮೇಲೆಲ್ಲ ತನ್ನಿಚ್ಛೆಯಂತೆ ಓಡಾಡಿ ಬೇರೊಂದರ ಗುಪ್ತಪದದ ಖಾನೆಯ ಮೇಲೆ ಕೂರದಿರಲಿ ಎಂಬ ಎಚ್ಚರಿಕೆ ಈ ಕಟ್ಟುನಿಟ್ಟಿನೊಳಗಿದೆ. ಇಲ್ಲಿ 700ರಿಂದ 40 ಕಳೆಯುವ ಲೆಕ್ಕ ನಡೆಯದು. ಬಳಕೆದಾರರು ಬಟನ್ ಒತ್ತಿದ್ದಾರೆ, ಇನ್ನು ನೀನೇ ಎಳೆ ಎಂದು ಸಿಸ್ಟಂ ಬಳಿ ಕೇಳಿಕೊಳ್ಳಬೇಕು. ತಂತ್ರಾಂಶ ಕಟ್ಟುವ ಸಲಕರಣೆಯಾದ ಕ್ಯೂಟಿಯ 2020ರ 5.15ನೆಯ ಆವೃತ್ತಿಯಲ್ಲಿ ಎಲ್ಲ ವ್ಯವಸ್ಥೆಗಳಿಗೂ ಹೊಂದುವ ಸ್ಟಾರ್ಟ್‌ಸಿಸ್ಟಂಮೂವ್ ಎಂಬ ಕರೆ ಬಂತು. ವಹಿಸಿಕೊಡುವ ದಾರಿಯನ್ನು ಮೊದಲೇ ಹಿಡಿದಿದ್ದವರ ತಂತ್ರಾಂಶಗಳು ವೇಲ್ಯಾಂಡ್‌ಗೆ ಸಲೀಸಾಗಿ ಬಂದವು, ಲೆಕ್ಕವನ್ನು ತಾವೇ ಮಾಡುತ್ತಿದ್ದವರು ಮತ್ತೆ ಬರೆಯಬೇಕಾಯಿತು.

ಸಿಸ್ಟಂ ಎಳೆಯುವಾಗ ಪ್ರೋಗ್ರಾಮರ್ ತಿಳಿದಿರಬೇಕಾದ ಒಂದು ಸಂಗತಿ ಇದೆ. ವಿಂಡೋಸ್ ಬಟನ್ ಬಿಡುವವರೆಗೂ ತನ್ನದೇ ಒಂದು ಸುತ್ತಿನಲ್ಲಿ ತಿರುಗುತ್ತಿರುತ್ತದೆ, ತಂತ್ರಾಂಶದ ಮುಖ್ಯ ಸುತ್ತು ಅಲ್ಲಿಯವರೆಗೆ ಕಾಯುತ್ತದೆ. ಚಿತ್ರಗಳನ್ನು ಮುಖ್ಯ ಸುತ್ತಿನಲ್ಲೇ ಬಿಡಿಸುವ ಆಟವೊಂದರ ಟೈಟಲ್ ಬಾರ್ ಹಿಡಿದರೆ ಆಟ ನಿಂತುಹೋಗುವುದು ಇದರಿಂದಲೇ. ಫೋಟೊ ಅಪ್‌ಲೋಡ್‌ನಂಥ ಕೆಲಸಗಳನ್ನು ಬೇರೆ ಥ್ರೆಡ್‌ನಲ್ಲಿಟ್ಟರೆ ಎಳೆದಾಟಕ್ಕೂ ಅವಕ್ಕೂ ಸಂಬಂಧ ಉಳಿಯುವುದಿಲ್ಲ.

ಎಲ್ಲಿ ಹಿಡಿದರೆ ಎಳೆಯಬಹುದು ಎಂಬ ನಿರ್ಧಾರ ಕೀಲಿ ಪಟ್ಟಿಯಂಥ ತಂತ್ರಾಂಶದಲ್ಲಿ ಸೂಕ್ಷ್ಮವಾದದ್ದು. ಮೈಯೆಲ್ಲ ಕೀಲಿಗಳೇ ಇರುವಾಗ ಒತ್ತಿದ್ದು ಅಕ್ಷರ ಮೂಡಿಸಲೋ ಎಳೆಯಲೋ? ಕೈ ಎಷ್ಟೇ ನಿಶ್ಚಲವಿದ್ದರೂ ಒತ್ತುವ ಕ್ಷಣದಲ್ಲಿ ಮೌಸ್ ಒಂದೆರಡು ಪಿಕ್ಸೆಲ್ ಅಲುಗುವುದು ಸಹಜ. ಅದನ್ನು ಎಳೆತವೆಂದು ತಿಳಿಯದಿರಲು ವಿಂಡೋಸ್ ಒಂದು ಮಿತಿ ಇಟ್ಟುಕೊಂಡಿದೆ, ಮೊದಲಿಗೆ ಅದು 4 ಪಿಕ್ಸೆಲ್. ವಸ್ತುಗಳನ್ನು ಎಳೆದು ಹಾಕುವ ಕಡೆ ಮೌಸ್ ಆ ಮಿತಿ ದಾಟಿದ ಮೇಲಷ್ಟೇ ಎಳೆತ ಆರಂಭ, ಅದರೊಳಗೆ ಬಟನ್ ಬಿಟ್ಟರೆ ಕ್ಲಿಕ್. ಈ ಮಿತಿಯನ್ನು ಸಿಸ್ಟಂ ಬಳಿ ಕೇಳಿ ಬಳಸುವುದು ಒಳ್ಳೆಯದು, ಕೈ ನಡುಗುವವರು ಅದನ್ನು ಹೆಚ್ಚಿಸಿಕೊಂಡಿರಬಹುದು. ಕೀಲಿ ಪಟ್ಟಿಯಲ್ಲಿ ಇದಕ್ಕಿಂತಲೂ ನೇರವಾದ ಪರಿಹಾರ, ಎಳೆಯಲು ಪ್ರತ್ಯೇಕ ಹಿಡಿ ಕೊಡುವುದು. ಎಡ ತುದಿಯಲ್ಲಿ ಚುಕ್ಕಿಗಳ ಸಾಲಿರುವ ಪಟ್ಟಿಯೊಂದಿದ್ದರೆ, ಅದರ ಮೇಲೆ ಬಂದಾಗ ಮೌಸ್ ತುದಿ ನಾಲ್ಕು ದಿಕ್ಕಿನ ಬಾಣವಾದರೆ, ಯಾರಿಗೂ ಹೇಳಿಕೊಡಬೇಕಿಲ್ಲ. ಹಿಡಿ ತೀರ ಸಣ್ಣದಿರಬಾರದು. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದ್ದಾರೆ. ಮೂರು ಪಿಕ್ಸೆಲ್ ಅಗಲದ ಹಿಡಿ ನೋಡಲು ಅಂದವಾಗಿರಬಹುದು, ಸವೆದ ಮೌಸ್ ಹಿಡಿದು ದಿನವಿಡೀ ಕೂರುವವರಿಗೆ ಅದು ಶಿಕ್ಷೆ.

ಕೀಲಿ ಪಟ್ಟಿಗೆ ಇನ್ನೊಂದು ವಿಶೇಷ ಕಟ್ಟಳೆ ಇದೆ. ಸಾಮಾನ್ಯ ವಿಂಡೋವನ್ನು ಮುಟ್ಟಿದರೆ ಅದು ಮುಂದೆ ಬಂದು ಬರೆಯುವ ಹಕ್ಕನ್ನು ತಾನು ಪಡೆದುಕೊಳ್ಳುತ್ತದೆ. ಕೀಲಿ ಪಟ್ಟಿ ಹಾಗೆ ಮಾಡಿದರೆ ಅರ್ಜಿಯ ಖಾನೆಯಲ್ಲಿ ಮಿನುಗುತ್ತಿದ್ದ ಕರ್ಸರ್ ಆರಿಹೋಗುತ್ತದೆ, ಲೊಕ್ಕನಹಳ್ಳಿಯ ಲ ಎಲ್ಲಿಗೂ ತಲುಪುವುದಿಲ್ಲ. ಅದಕ್ಕೆ ಮುಟ್ಟಿದರೂ ಮುಂದೆ ಬರಬೇಡ ಎಂಬ ಗುಣವನ್ನೂ, ಯಾವಾಗಲೂ ಮೇಲೆಯೇ ಇರು ಎಂಬ ಗುಣವನ್ನೂ ಹುಟ್ಟುವಾಗಲೇ ಕೊಡುತ್ತಾರೆ. ಒತ್ತಿದಾಗಷ್ಟೇ ಅಲ್ಲ, ಎಳೆದಾಗಲೂ ಕರ್ಸರ್ ಖಾನೆಯಲ್ಲೇ ಇರುತ್ತದೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕು.

ಎಳೆದು ಬಿಟ್ಟ ಜಾಗವನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶ ಮರುದಿನ ಅಲ್ಲೇ ತೆರೆದುಕೊಂಡರೆ ಬಳಸುವವರಿಗೆ ಹಿತ. ಆದರೆ ತೆರೆಯುವ ಮೊದಲು ಆ ಜಾಗ ಇನ್ನೂ ಇದೆಯೇ ಎಂದು ನೋಡಲೇಬೇಕು. ನಿನ್ನೆ ಜೋಡಿಸಿದ್ದ ಎರಡನೆಯ ಪರದೆಯನ್ನು ಇಂದು ಬಿಚ್ಚಿರಬಹುದು. ಪ್ರೊಜೆಕ್ಟರ್‌ಗೆಂದು ಪರದೆಯ ಅಳತೆಯನ್ನು ತಗ್ಗಿಸಿರಬಹುದು. ಆಗ ವಿಂಡೋ ತೆರೆದಿದ್ದರೂ ಕಣ್ಣಿಗೆ ಬೀಳದು, ತಂತ್ರಾಂಶ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕಿದರೂ ನೆನಪಿಟ್ಟ ಜಾಗ ಉಳಿದಿದ್ದರೆ ಅದೇ ಕಥೆ. ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗದ ಅಳತೆಯನ್ನು ಸಿಸ್ಟಂ ಕೊಡುತ್ತದೆ. ಕನಿಷ್ಠ ಹಿಡಿಯಾದರೂ ಆ ಅಳತೆಯೊಳಗೆ ಕಾಣುವಂತೆ ವಿಂಡೋವನ್ನು ಒಳಕ್ಕೆ ತಂದು ತೆರೆಯಬೇಕು. ಹೊರಗೆ ಹೋಗಿ ಕೂತ ಮಾಮೂಲಿ ವಿಂಡೋವನ್ನು ಬಳಕೆದಾರರೇ ಕರೆತರಲೂ ದಾರಿ ಇದೆ. ಟಾಸ್ಕ್‌ಬಾರ್‌ನಲ್ಲಿ ಅದನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ತೆರೆದುಕೊಂಡ ಪಟ್ಟಿಯಲ್ಲಿ ಎಂ ಅಕ್ಷರ ಒತ್ತಿ, ಯಾವುದಾದರೂ ಬಾಣದ ಕೀಲಿಯನ್ನು ಒಮ್ಮೆ ಮುಟ್ಟಿದರೆ ವಿಂಡೋ ಮೌಸ್‌ಗೆ ಅಂಟಿಕೊಂಡು ಬರುತ್ತದೆ. ವಿಂಡೋಸ್ ಕೀಲಿ, ಶಿಫ್ಟ್, ಎಡ ಅಥವಾ ಬಲ ಬಾಣ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋ ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುತ್ತದೆ.

ಆಲ್ಟ್-ಸ್ಪೇಸ್‌ನ ಈ ಪಟ್ಟಿ ಎಳೆಯಲು ಆಗದವರ ಪಾಲಿನ ಮುಖ್ಯ ದಾರಿಯೂ ಹೌದು. ಬಟನ್ ಒತ್ತಿ ಹಿಡಿದೇ ಕೈ ಸರಿಸುವುದು ಕೀಲುನೋವಿರುವವರಿಗೆ, ಕೈ ನಡುಗುವವರಿಗೆ, ಒಂದೇ ಬೆರಳಿನಿಂದ ಕೆಲಸ ಮಾಡುವವರಿಗೆ ಕಷ್ಟದ ಕೆಲಸ. ಅವರಿಗಾಗಿ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಕ್ಲಿಕ್‌ಲಾಕ್ ಎಂಬ ಆಯ್ಕೆ ಇದೆ. ಬಟನನ್ನು ತುಸು ಹೊತ್ತು ಒತ್ತಿ ಬಿಟ್ಟರೆ ಒತ್ತಿದಂತೆಯೇ ಉಳಿಯುತ್ತದೆ, ಎಳೆದ ಮೇಲೆ ಇನ್ನೊಮ್ಮೆ ಒತ್ತಿದರೆ ಬಿಡುಗಡೆ. ಚೌಕಟ್ಟು ಕಿತ್ತುಹಾಕಿದ ತಂತ್ರಾಂಶಗಳಲ್ಲಿ ಹಲವು ಟೈಟಲ್ ಬಾರ್ ಜೊತೆಗೆ ಆಲ್ಟ್-ಸ್ಪೇಸ್‌ನ ಪಟ್ಟಿಯನ್ನೂ ಕಳೆದುಕೊಂಡಿರುತ್ತವೆ, ಅದನ್ನು ಉಳಿಸಿಕೊಳ್ಳುವ ಗುಣವನ್ನು ಬೇರೆಯಾಗಿ ಸೇರಿಸಬೇಕು. ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಲು ಡಬ್ಲ್ಯು3ಸಿ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯ 2.2ನೆಯ ಆವೃತ್ತಿ, ಎಳೆದು ಮಾಡುವ ಕೆಲಸವನ್ನು ಎಳೆಯದೆ ಬರಿಯ ಕ್ಲಿಕ್ಕಿನಿಂದಲೂ ಮಾಡುವಂತಿರಬೇಕು ಎಂದು ಹೊಸದಾಗಿ ಸೇರಿಸಿದೆ. ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರಿಗೂ ಅದು ತಕ್ಕ ಅಳತೆಗೋಲು. ಕನ್ನಡ ಕೀಲಿ ಪಟ್ಟಿಯಲ್ಲಿ ಇದನ್ನು ಪಾಲಿಸುವುದು ಕಷ್ಟವೇನಲ್ಲ. ಹಿಡಿಯ ಪಕ್ಕದಲ್ಲಿ ಮೇಲೆ, ಕೆಳಗೆ ಎಂಬ ಎರಡು ಗುಂಡಿಗಳಿದ್ದು, ಒತ್ತಿದ ಕೂಡಲೇ ಪಟ್ಟಿ ಪರದೆಯ ಆ ಅಂಚಿಗೆ ಹೋಗಿ ಕೂತರೆ ಸಾಕು.